ಹೆಸರು ಯಾರಿಗಾಗಿ? ತೋಳ, ನಾಯಿ, ನರಿಯ ಹೆಸರುಗಳೂ ಇಸ್ಲಾಮಿನ ಇತಿಹಾಸವೂ

ಗಂಡು ಮಗು ಹುಟ್ಟಿದ ಮನೆಯಲ್ಲಿ ಏಳನೆಯ ದಿನ ಸಮೀಪಿಸುತ್ತಿದ್ದಂತೆ ಹೆಸರಿನ ಚರ್ಚೆ ಆರಂಭವಾಗುತ್ತದೆ. ಅಜ್ಜ ಒಂದು ಹೆಸರನ್ನು ಸೂಚಿಸುತ್ತಾರೆ, ಸೋದರಮಾವ ಇನ್ನೊಂದನ್ನು ಹೇಳುತ್ತಾರೆ, ತಾಯಿಯ ಮನಸ್ಸಿನಲ್ಲಿ ಮತ್ತೊಂದಿರುತ್ತದೆ. ಕೊನೆಗೆ 'ಉವೈಸ್' ಎಂಬ ಹೆಸರಿಗೆ ಎಲ್ಲರೂ ಒಪ್ಪಿದಾಗ ಯಾರಾದರೊಬ್ಬರು ಮೊಬೈಲಿನಲ್ಲಿ ಅದರ ಅರ್ಥ ಹುಡುಕುತ್ತಾರೆ. 'ಚಿಕ್ಕ ತೋಳ' ಎಂಬ ಉತ್ತರ ಕಂಡು ಬೆಚ್ಚುತ್ತಾರೆ. ಔಸ್, ಸಅಲಬಾ, ಕಿಲಾಬ್ ಎಂಬ ಹೆಸರುಗಳ ವಿಷಯವಂತೂ ಇನ್ನೂ ಕಷ್ಟ. ಒಂದಕ್ಕೆ ತೋಳ, ಒಂದಕ್ಕೆ ನರಿ, ಒಂದಕ್ಕೆ ನಾಯಿಗಳು ಎಂಬ ಅರ್ಥ. ಈಗಾಗಲೇ ಶಾಲೆಗೆ ಹೋಗುತ್ತಿರುವ ಮಗನ ಹೆಸರನ್ನು ಬದಲಿಸಬೇಕೇ ಎಂದು ಆತಂಕದಿಂದ ಕೇಳುವ ತಂದೆ-ತಾಯಿಗಳೂ ನಮ್ಮ ನಡುವೆ ಇದ್ದಾರೆ.

ಈ ಆತಂಕ ಸಹಜವಾದುದು. ಕನ್ನಡದಲ್ಲಿ ನರಿಯೆಂದರೆ ಕುತಂತ್ರ, ತೋಳವೆಂದರೆ ಕ್ರೌರ್ಯ, ನಾಯಿ ಎಂಬುದು ಬೈಗುಳ. ಅದರ ಮೇಲೆ ನಾಯಿಯ ವಿಷಯದಲ್ಲಿ ನಮ್ಮ ಮನೆಗಳಲ್ಲಿ ಶುದ್ಧಿಯ ಪ್ರಶ್ನೆಯೂ ಇದೆ. ಶಾಫಿಈ ಮದ್ಸ್‌ಹಬನ್ನು ಅನುಸರಿಸುವ ಕರಾವಳಿಯ ಕುಟುಂಬಗಳಲ್ಲಿ ನಾಯಿಯ ಒದ್ದೆ ತಾಗಿದರೆ ಏಳು ಬಾರಿ, ಅದರಲ್ಲಿ ಒಮ್ಮೆ ಮಣ್ಣು ಬೆರೆಸಿದ ನೀರಿನಿಂದ ತೊಳೆಯಬೇಕೆಂಬುದನ್ನು ಚಿಕ್ಕ ಮಕ್ಕಳೂ ಬಲ್ಲರು. ಹೀಗಿರುವಾಗ ಪ್ರವಾದಿ ಮುಹಮ್ಮದ್(ಸ)ರ ವಂಶಾವಳಿಯಲ್ಲೇ 'ಕಿಲಾಬ್' ಎಂಬ ಹೆಸರಿದೆ ಎಂದು ತಿಳಿದರೆ ಅಚ್ಚರಿಯಾಗುವುದು ಸ್ವಾಭಾವಿಕ. ಅರಬರು ತಮ್ಮ ಮಕ್ಕಳಿಗೆ ಇಂತಹ ಹೆಸರುಗಳನ್ನು ಏಕೆ ಇಟ್ಟರು, ಪ್ರವಾದಿ(ಸ)ರು ಅವುಗಳಲ್ಲಿ ಯಾವುದನ್ನು ಬದಲಿಸಿದರು, ಯಾವುದನ್ನು ಹಾಗೆಯೇ ಬಿಟ್ಟರು ಎಂಬುದನ್ನು ಇತಿಹಾಸದ ಬೆಳಕಿನಲ್ಲಿ ನೋಡೋಣ.

ಮರುಭೂಮಿಯ ಹೆಸರುಗಳು

ಅರಬಿ ಭಾಷೆಯಲ್ಲಿ ತೋಳಕ್ಕೆ ಹಲವು ಪದಗಳಿವೆ. 'ಝಿಅಬ್' ಎಂಬುದು ಸಾಮಾನ್ಯ ಪದ. ಅದರಿಂದ 'ಝುಐಬ್', ಅಂದರೆ ಚಿಕ್ಕ ತೋಳ ಎಂಬ ಹೆಸರು ಬಂದಿತು. 'ಔಸ್' ಎಂಬ ಪದಕ್ಕೆ ತೋಳ ಎಂಬ ಅರ್ಥವೂ ಇದೆ, ಕೊಡುಗೆ ಎಂಬ ಅರ್ಥವೂ ಇದೆ. ಅದರ ಕಿರುರೂಪವೇ 'ಉವೈಸ್'. 'ಸಿರ್ಹಾನ್' ಎಂದರೂ ತೋಳವೇ. ಆದರೆ ಹುಝೈಲ್ ಗೋತ್ರದವರ ಮಾತಿನಲ್ಲಿ ಅದು ಸಿಂಹ. 'ಕಲ್ಬ್' ಎಂದರೆ ನಾಯಿ, 'ಕಿಲಾಬ್' ಅದರ ಬಹುವಚನ, 'ಕುಲೈಬ್' ಎಂದರೆ ನಾಯಿಮರಿ. 'ಸಅಲಬ್' ಎಂದರೆ ನರಿ, 'ಸಅಲಬಾ' ಹೆಣ್ಣು ನರಿ. ಇವೆಲ್ಲವೂ ಇಸ್ಲಾಮ್‌ಪೂರ್ವ ಅರಬರಲ್ಲಿ ಗೌರವಸ್ಥ ಮನೆತನಗಳ ಗಂಡು ಮಕ್ಕಳ ಹೆಸರುಗಳಾಗಿದ್ದವು. ಕೆಲವು ದೊಡ್ಡ ದೊಡ್ಡ ಗೋತ್ರಗಳ ಹೆಸರುಗಳೂ ಆದವು.

ಇದರ ಕಾರಣವನ್ನು ನಮ್ಮ ಹಿಂದಿನ ವಿದ್ವಾಂಸರೇ ಶೋಧಿಸಿದ್ದಾರೆ. ಬಸರಾದ ಸಾಹಿತಿ ಅಲ್-ಜಾಹಿಝ್ (ನಿಧನ ಹಿ. 255) ಪ್ರಾಣಿಗಳ ಕುರಿತು ಬರೆದ 'ಕಿತಾಬುಲ್ ಹಯವಾನ್' ಎಂಬ ಬೃಹತ್ ಗ್ರಂಥದಲ್ಲಿ ಈ ವಿಷಯವನ್ನು ಪ್ರಸ್ತಾಪಿಸುತ್ತಾರೆ. ಅವರ ನಂತರ ಇಬ್ನು ದುರೈದ್ (ನಿಧನ ಹಿ. 321, ಕ್ರಿ.ಶ. 933) ಅರಬರ ಹೆಸರುಗಳ ಮೂಲವನ್ನು ವಿವರಿಸಲೆಂದೇ 'ಅಲ್-ಇಶ್ತಿಕಾಕ್' ಎಂಬ ಗ್ರಂಥವನ್ನು ರಚಿಸಿದರು. ಅದಕ್ಕೊಂದು ಹಿನ್ನೆಲೆಯಿದೆ. ಅಂದು ಕೆಲವರು ಅರಬರನ್ನು ಹೀಯಾಳಿಸುತ್ತಿದ್ದರು. ಮಕ್ಕಳಿಗೆ ನಾಯಿ-ನರಿಗಳ ಹೆಸರಿಡುವ ಈ ಜನರಿಗೆ ತಾವು ಇಡುವ ಹೆಸರಿನ ಅರ್ಥವೇ ತಿಳಿಯದು ಎನ್ನುತ್ತಿದ್ದರು. ಅವರಿಗೆ ಉತ್ತರವಾಗಿ ಇಬ್ನು ದುರೈದ್ ಒಂದೊಂದೇ ಗೋತ್ರವನ್ನು ತೆಗೆದುಕೊಂಡು, ಒಂದೊಂದು ಹೆಸರಿನ ಮೂಲಧಾತುವನ್ನು ಬಿಡಿಸಿ ತೋರಿಸಿದರು.

ಈ ವಿದ್ವಾಂಸರ ವಿವರಣೆಯಂತೆ ಹೆಸರಿಡುವುದಕ್ಕೆ ಹಲವು ದಾರಿಗಳಿದ್ದವು. ಒಂದು, ಶಕುನದ ದಾರಿ. ಪತ್ನಿಗೆ ಹೆರಿಗೆ ನೋವು ಆರಂಭವಾದಾಗ ಗಂಡ ಬಿಡಾರದಿಂದ ಹೊರಗೆ ಹೋಗುತ್ತಿದ್ದ. ಮೊದಲು ಎದುರಾದ ಪ್ರಾಣಿಯ ಅಥವಾ ವಸ್ತುವಿನ ಹೆಸರನ್ನು ಮಗುವಿಗೆ ಇಡುತ್ತಿದ್ದ. ನಾಯಿ ಎದುರಾದರೆ ಕಾವಲು, ಎಚ್ಚರ ಮತ್ತು ದೂರಕ್ಕೆ ಕೇಳುವ ದನಿ. ತೋಳ ಎದುರಾದರೆ ಧೈರ್ಯ, ಜಾಣ್ಮೆ ಮತ್ತು ಸಂಪಾದನೆ ಎಂದು ಅರ್ಥೈಸುತ್ತಿದ್ದ. ನರಿಯಾದರೂ ಅಷ್ಟೇ.

ಇನ್ನೊಂದು, ದೃಷ್ಟಿ ತಗಲದಿರಲೆಂಬ ದಾರಿ. ಮಗುವಿಗೆ ಒರಟು ಹೆಸರಿಟ್ಟರೆ ಕೇಡು ದೂರ ಸರಿಯುತ್ತದೆಂದು ಅವರು ನಂಬಿದ್ದರು. ನಮ್ಮ ನಾಡಿನ ಹಳ್ಳಿಗಳಿಗೂ ಇದು ಅಪರಿಚಿತವಲ್ಲ. ಹುಟ್ಟಿದ ಮಕ್ಕಳು ಉಳಿಯದ ಮನೆಗಳಲ್ಲಿ ಉಳಿದ ಮಗುವನ್ನು ತಿಪ್ಪ, ಗುಂಡ, ಕಲ್ಲ ಎಂದು ಕರೆಯುತ್ತಿದ್ದ ವಾಡಿಕೆಯನ್ನು ಹಿರಿಯರು ಬಲ್ಲರು.

ಮೂರನೆಯದೇ ಅತ್ಯಂತ ಪ್ರಸಿದ್ಧ. ನಿಮ್ಮ ಮಕ್ಕಳಿಗೆ ತೋಳ, ನಾಯಿ ಎಂಬ ಒರಟು ಹೆಸರುಗಳನ್ನೂ, ನಿಮ್ಮ ಗುಲಾಮರಿಗೆ ಸಂಪತ್ತು, ಲಾಭ ಎಂಬ ಅಂದದ ಹೆಸರುಗಳನ್ನೂ ಏಕೆ ಇಡುತ್ತೀರಿ ಎಂದು ಒಬ್ಬ ಅರಬನನ್ನು ಕೇಳಲಾಯಿತಂತೆ. ಮಕ್ಕಳ ಹೆಸರು ನಮ್ಮ ಶತ್ರುಗಳಿಗಾಗಿ, ಗುಲಾಮರ ಹೆಸರು ನಮಗಾಗಿ ಎಂಬುದು ಅವನ ಉತ್ತರದ ಸಾರ. ಯುದ್ಧದಲ್ಲಿ ಮಗನ ಹೆಸರನ್ನು ಕೂಗಿದಾಗ ಎದುರಾಳಿಯ ಎದೆ ನಡುಗಬೇಕು. ಮನೆಯಲ್ಲಿ ಸೇವಕನನ್ನು ಕರೆದಾಗ ಒಡೆಯನ ಕಿವಿಗೆ ಇಂಪಾಗಬೇಕು.

ಈ ಉತ್ತರವನ್ನು ನಾವು ಸ್ವಲ್ಪ ನಿಂತು ಯೋಚಿಸಬೇಕು. ಇದರಲ್ಲಿ ಮಗುವಿನ ಹೆಸರು ಮಗುವಿಗಾಗಿ ಇಲ್ಲ, ಸೇವಕನ ಹೆಸರು ಸೇವಕನಿಗಾಗಿ ಇಲ್ಲ. ಒಂದು ಶತ್ರುವಿನ ಸಲುವಾಗಿ, ಇನ್ನೊಂದು ಒಡೆಯನ ಸಲುವಾಗಿ. ಇಸ್ಲಾಮ್ ಹೆಸರಿನ ವಿಷಯದಲ್ಲಿ ತಂದ ಸುಧಾರಣೆಯನ್ನು ಅರಿಯಲು ಈ ಮಾತೇ ಕೀಲಿಕೈ.

ನಾಯಿಮರಿಯ ದನಿ ಕೇಳುವಷ್ಟು ನೆಲ

ಹೆಸರು ಹೇಗೆ ಅಹಂಕಾರದ ಗುರುತಾಗಬಲ್ಲದು ಎಂಬುದಕ್ಕೆ ತಗ್ಲಿಬ್ ಗೋತ್ರದ ನಾಯಕ ವಾಇಲ್ ಬಿನ್ ರಬೀಅನ ಕಥೆ ಸಾಕ್ಷಿ. ಅವನು ಇತಿಹಾಸದಲ್ಲಿ ಉಳಿದುದು ಕುಲೈಬ್ ಎಂಬ ಅಡ್ಡಹೆಸರಿನಿಂದ. ಹಸಿರಾದ ಹುಲ್ಲುಗಾವಲು ಕಂಡಲ್ಲಿ ಅವನು ಒಂದು ನಾಯಿಮರಿಯನ್ನು ಬಿಡುತ್ತಿದ್ದನಂತೆ. ಅದರ ದನಿ ಎಷ್ಟು ದೂರ ಕೇಳುತ್ತದೋ ಅಷ್ಟು ನೆಲ ಅವನ 'ಹಿಮಾ', ಅಂದರೆ ಕಾಯ್ದಿಟ್ಟ ಮೇವಿನ ಭೂಮಿ. ಅಲ್ಲಿ ಬೇರೆ ಯಾರ ಒಂಟೆಯೂ ಮೇಯುವಂತಿರಲಿಲ್ಲ. ಕೊನೆಗೆ ಬಸೂಸ್ ಎಂಬ ಮಹಿಳೆಯ ಆಶ್ರಯದಲ್ಲಿದ್ದ ಒಂದು ಹೆಣ್ಣು ಒಂಟೆಗೆ ಅವನು ಬಾಣ ಹೊಡೆದ. ಅದಕ್ಕೆ ಪ್ರತಿಯಾಗಿ ಬಕ್ರ್ ಗೋತ್ರದ ಜಸ್ಸಾಸ್ ಅವನನ್ನು ಕೊಂದ. ಬಕ್ರ್ ಮತ್ತು ತಗ್ಲಿಬ್ ಎಂಬ ಎರಡು ಸೋದರ ಗೋತ್ರಗಳ ನಡುವೆ ನಲವತ್ತು ವರ್ಷ ನಡೆಯಿತೆಂದು ಹೇಳಲಾಗುವ ಬಸೂಸ್ ಯುದ್ಧ ಹೀಗೆ ಹುಟ್ಟಿತು.

ಇಸ್ಲಾಮ್ ಬಂದಾಗ ಪ್ರವಾದಿ(ಸ)ರು ಈ ಪದ್ಧತಿಯನ್ನೇ ಕಿತ್ತೊಗೆದರು. ಅಲ್ಲಾಹನಿಗೂ ಅವನ ಸಂದೇಶವಾಹಕರಿಗೂ ಹೊರತಾಗಿ ಯಾರಿಗೂ ಹಿಮಾ ಇಲ್ಲವೆಂದು ಸಾರಿದ ಹದೀಸ್ ಸಹೀಹ್ ಬುಖಾರಿಯಲ್ಲಿದೆ. ಮುಂದೆ ಖಲೀಫಾ ಉಮರ್(ರ)ರು ಸಾರ್ವಜನಿಕ ಅಗತ್ಯಕ್ಕಾಗಿ ಹುಲ್ಲುಗಾವಲನ್ನು ಕಾಯ್ದಿರಿಸಿದಾಗ ಅದರ ಮೇಲ್ವಿಚಾರಕ ಹುನಯ್ಯ್ ಎಂಬವರಿಗೆ ಕೊಟ್ಟ ಆದೇಶವೂ ಅದೇ ಗ್ರಂಥದಲ್ಲಿದೆ. ಕೆಲವೇ ಒಂಟೆ, ಕೆಲವೇ ಕುರಿಗಳಿರುವ ಬಡವರನ್ನು ಒಳಗೆ ಬಿಡಬೇಕು. ಶ್ರೀಮಂತರಾದ ಅಬ್ದುರ‍್ರಹ್ಮಾನ್ ಬಿನ್ ಔಫ್ ಮತ್ತು ಉಸ್ಮಾನ್ ಬಿನ್ ಅಫ್ಫಾನ್‌ರ ಹಿಂಡುಗಳನ್ನು ಬಿಡಬಾರದು ಎಂಬುದು ಅದರ ತಾತ್ಪರ್ಯ. ಕುಲೈಬನ ಹೆಸರನ್ನು ಯಾರೂ ಗ್ರಂಥಗಳಿಂದ ಅಳಿಸಲಿಲ್ಲ. ಅಳಿಸಿದ್ದು ಅವನ ನಡತೆಯನ್ನು.

ಪ್ರವಾದಿ(ಸ)ರ ವಂಶಾವಳಿಯಲ್ಲಿ

ಪ್ರವಾದಿ(ಸ)ರ ತಂದೆಯ ಕಡೆಯ ವಂಶ ಹೀಗಿದೆ: ಅಬ್ದುಲ್ಲಾ, ಅಬ್ದುಲ್ ಮುತ್ತಲಿಬ್, ಹಾಶಿಮ್, ಅಬ್ದು ಮನಾಫ್, ಕುಸಯ್ಯ್, ಕಿಲಾಬ್, ಮುರ‍್ರಾ. ತಾಯಿ ಆಮಿನಾರ ವಂಶ: ವಹಬ್, ಅಬ್ದು ಮನಾಫ್, ಝುಹ್ರಾ, ಕಿಲಾಬ್. ತಂದೆಯ ವಂಶವೂ ತಾಯಿಯ ವಂಶವೂ ಬಂದು ಸೇರುವುದು ಈ ಕಿಲಾಬ್ ಎಂಬ ಪೂರ್ವಜರಲ್ಲಿಯೇ. ಅವರ ನಿಜವಾದ ಹೆಸರು ಹಕೀಮ್, ಬೇಟೆನಾಯಿಗಳನ್ನು ಹೆಚ್ಚಾಗಿ ಸಾಕಿದ್ದರಿಂದ ಕಿಲಾಬ್ ಎಂಬ ಹೆಸರು ಬಂದಿತು ಎಂದು ಕೆಲವು ವಂಶಶಾಸ್ತ್ರಜ್ಞರು ಹೇಳಿದ್ದಾರೆ. ಶತ್ರುಗಳೊಡನೆ ಸೆಣಸುವುದು ಎಂಬ ಅರ್ಥದ 'ಮುಕಾಲಬಾ' ಎಂಬ ಪದದಿಂದ ಬಂದಿತೆಂದು ಹೇಳಿದವರೂ ಇದ್ದಾರೆ.

ಅರಬಸ್ತಾನದ ಉತ್ತರದಲ್ಲಿ ನೆಲೆಸಿದ್ದ ಪ್ರಬಲ ಗೋತ್ರವೊಂದರ ಹೆಸರೇ ಬನೂ ಕಲ್ಬ್. ಬಾಲ್ಯದಲ್ಲಿ ಸೆರೆಯಾಗಿ, ಮಾರಾಟವಾಗಿ, ಕೊನೆಗೆ ಖದೀಜಾ(ರ)ರ ಮನೆ ಸೇರಿದ ಝೈದ್ ಬಿನ್ ಹಾರಿಸಾ(ರ) ಈ ಗೋತ್ರದವರು. ತಂದೆ ಮತ್ತು ಚಿಕ್ಕಪ್ಪ ಹುಡುಕಿಕೊಂಡು ಮಕ್ಕಾಕ್ಕೆ ಬಂದಾಗಲೂ ಅವರು ಪ್ರವಾದಿ(ಸ)ರ ಬಳಿಯಲ್ಲೇ ಉಳಿಯಲು ಬಯಸಿದ ಪ್ರಸಂಗ ನಮ್ಮ ಮಕ್ಕಳಿಗೂ ಗೊತ್ತು. ಪವಿತ್ರ ಕುರ್‌ಆನ್‌ನಲ್ಲಿ ಹೆಸರಿಡಿದು ಉಲ್ಲೇಖಿಸಲ್ಪಟ್ಟ ಏಕೈಕ ಸಹಾಬಿ ಅವರೇ (ಅಲ್-ಅಹ್‌ಝಾಬ್: 37). ರೋಮನ್ ಚಕ್ರವರ್ತಿ ಹಿರಕ್ಲ್‌ಗೆ ಪ್ರವಾದಿ(ಸ)ರ ಪತ್ರವನ್ನು ಒಯ್ದ ದಿಹ್ಯತುಲ್ ಕಲ್ಬಿ(ರ) ಕೂಡ ಇದೇ ಗೋತ್ರದವರು. ಮಲಕ್ ಜಿಬ್ರೀಲ್(ಅ)ರು ಹಲವು ಬಾರಿ ಇವರ ರೂಪದಲ್ಲಿ ಬರುತ್ತಿದ್ದರೆಂದು ಹದೀಸ್‌ಗಳಲ್ಲಿದೆ. ಖಲೀಫಾ ಉಸ್ಮಾನ್(ರ)ರ ಮೇಲೆ ದಾಳಿಯಾದಾಗ ಅಡ್ಡ ನಿಂತು ತಮ್ಮ ಬೆರಳುಗಳನ್ನು ಕಳೆದುಕೊಂಡ ಅವರ ಪತ್ನಿ ನಾಇಲಾರೂ ಬನೂ ಕಲ್ಬ್‌ನ ಮಗಳು. 'ನಾಯಿ' ಎಂಬ ಅರ್ಥದ ಗೋತ್ರನಾಮ ಇವರಾರ ಘನತೆಯನ್ನೂ ಕುಗ್ಗಿಸಲಿಲ್ಲ.

ಮದೀನಾದ ಅನ್ಸಾರರ ಕಡೆಗೆ ಬರೋಣ. ಅವರ ಎರಡು ಗೋತ್ರಗಳು ಔಸ್ ಮತ್ತು ಖಝ್ರಜ್. ಈ ಎರಡು ಗೋತ್ರಗಳ ಮೂಲಪುರುಷರು ಹಾರಿಸಾ ಬಿನ್ ಸಅಲಬಾ ಎಂಬವನ ಮಕ್ಕಳು. ಅಂದರೆ ಅಜ್ಜನ ಹೆಸರು ನರಿ, ಮೊಮ್ಮಕ್ಕಳಲ್ಲಿ ಒಬ್ಬನ ಹೆಸರು ತೋಳ. ಪ್ರವಾದಿ(ಸ)ರು ಮದೀನಾಕ್ಕೆ ಬಂದ ಮೇಲೆ ಈ ಎರಡೂ ಗೋತ್ರಗಳಿಗೆ ಒಟ್ಟಾಗಿ 'ಅನ್ಸಾರ್', ಅಂದರೆ ಸಹಾಯಕರು ಎಂಬ ಹೆಸರು ಸ್ಥಿರವಾಯಿತು. ಆದರೆ ಔಸ್ ಎಂಬ ಹಳೆಯ ಹೆಸರನ್ನು ಬಿಡಬೇಕೆಂದು ಅವರು ಯಾರಿಗೂ ಹೇಳಲಿಲ್ಲ. ಯಾರ ಮರಣಕ್ಕೆ ಅಲ್ಲಾಹನ ಸಿಂಹಾಸನ ಕಂಪಿಸಿತೆಂದು ಹದೀಸ್‌ನಲ್ಲಿ ಬಂದಿದೆಯೋ ಆ ಸಅದ್ ಬಿನ್ ಮುಆದ್(ರ)ರು ಔಸ್ ಗೋತ್ರದ ನಾಯಕರು.

ಸಅಲಬಾ ಎಂಬ ಹೆಸರಿನ ಸಹಾಬಿಗಳು ಅನೇಕರಿದ್ದರು. ಆದರೆ ನಮ್ಮ ಕಡೆ ಈ ಹೆಸರು ಪರಿಚಿತವಾಗಿರುವುದು ಹೆಚ್ಚಾಗಿ ಒಂದೇ ಕಥೆಯಿಂದ: ಶ್ರೀಮಂತನಾದ ಮೇಲೆ ಝಕಾತ್ ಕೊಡಲೊಪ್ಪದ ಸಅಲಬಾ ಬಿನ್ ಹಾತಿಬ್ ಎಂಬವರ ಕಥೆ. ಇದನ್ನು ಪ್ರವಚನಗಳಲ್ಲಿ ಬಹಳ ಬಾರಿ ಕೇಳಿದ್ದೇವೆ. ಆದರೆ ಇಬ್ನು ಹಜರ್‌ರಂತಹ ಹದೀಸ್ ಪಂಡಿತರು ಆ ವರದಿಯ ಸನದು ದುರ್ಬಲವೆಂದು ಹೇಳಿದ್ದಾರೆ. ಸಅಲಬಾ ಬಿನ್ ಹಾತಿಬ್ ಬದ್ರ್‌ನಲ್ಲಿ ಪಾಲ್ಗೊಂಡವರೆಂದು ಸೀರಾ ಗ್ರಂಥಗಳು ಎಣಿಸುತ್ತವೆ. ನರಿ ಎಂಬ ಅರ್ಥದ ಹೆಸರಿಗೆ ಕಪಟದ ಕಥೆಯೊಂದು ಅಂಟಿಕೊಂಡರೆ ಅದನ್ನು ಬಿಡಿಸುವುದು ಎಷ್ಟು ಕಷ್ಟವೆಂಬುದು ಇದರಿಂದ ತಿಳಿಯುತ್ತದೆ. ಸಹಾಬಿಗಳ ಗೌರವದ ವಿಷಯದಲ್ಲಿ ನಾವು ಎಚ್ಚರದಿಂದಿರಬೇಕು.

ಬದಲಾದ ಹೆಸರುಗಳು, ಉಳಿದ ಹೆಸರುಗಳು

ಹಾಗಾದರೆ ಪ್ರವಾದಿ(ಸ)ರು ಹೆಸರುಗಳನ್ನು ಬದಲಿಸಲೇ ಇಲ್ಲವೇ? ಖಂಡಿತ ಬದಲಿಸಿದರು. ಅಲ್ಲಾಹನಿಗೆ ಅತ್ಯಂತ ಪ್ರಿಯವಾದ ಹೆಸರುಗಳು ಅಬ್ದುಲ್ಲಾ ಮತ್ತು ಅಬ್ದುರ‍್ರಹ್ಮಾನ್ ಎಂದು ಅವರು ಕಲಿಸಿದರು (ಮುಸ್ಲಿಮ್). ಅಲ್ಲಾಹೇತರರ ದಾಸನೆಂಬ ಅರ್ಥದ ಹೆಸರುಗಳನ್ನು ಮೊದಲು ತೆಗೆದರು. ಕಿಲಾಬ್‌ರ ಮಗ ಝುಹ್ರಾನ ಸಂತತಿಯವರಾದ ಅಬ್ದುರ‍್ರಹ್ಮಾನ್ ಬಿನ್ ಔಫ್(ರ)ರಿಗೆ ಈ ಹೆಸರು ಬಂದುದು ಹಾಗೆಯೇ. ಅವಿಧೇಯಳು ಎಂಬ ಅರ್ಥದ 'ಆಸಿಯಾ' ಎಂಬಾಕೆಯ ಹೆಸರನ್ನು 'ಜಮೀಲಾ' ಎಂದು ಬದಲಿಸಿದರು. (ಇದು ಫಿರ್‌ಔನನ ಪತ್ನಿ ಆಸಿಯಾರ ಹೆಸರಲ್ಲ, ಅರಬಿ ಅಕ್ಷರಗಳೇ ಬೇರೆ.) ಅಲಿ(ರ)ರು ತಮ್ಮ ಮಗನಿಗೆ 'ಹರ್ಬ್', ಅಂದರೆ ಯುದ್ಧ ಎಂದು ಹೆಸರಿಡಲು ಬಯಸಿದಾಗ ಪ್ರವಾದಿ(ಸ)ರು 'ಹಸನ್' ಎಂದು ಹೆಸರಿಟ್ಟರೆಂಬ ವರದಿಯಿದೆ. ಶತ್ರುವನ್ನು ಹೆದರಿಸುವ ಹೆಸರಿನ ಜಾಗದಲ್ಲಿ ಸೌಂದರ್ಯದ, ಒಳಿತಿನ ಹೆಸರು ಬಂದಿತು. ಹೆಸರುಗಳಲ್ಲಿ ಅತ್ಯಂತ ಕೆಟ್ಟವು ಹರ್ಬ್ ಮತ್ತು ಮುರ‍್ರಾ ಎಂದು ಅವರು ಹೇಳಿದ್ದು ಅಬೂ ದಾವೂದ್‌ರ ಸಂಗ್ರಹದಲ್ಲಿದೆ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಕಹಿ ಎಂಬ ಅರ್ಥದ ಈ 'ಮುರ‍್ರಾ' ಎಂಬುದು ಕಿಲಾಬ್‌ರ ತಂದೆಯ ಹೆಸರು. ಅಂದರೆ ಪ್ರವಾದಿ(ಸ)ರ ಸ್ವಂತ ಪೂರ್ವಜರ ಹೆಸರು. ಮುಂದೆ ಹುಟ್ಟುವ ಮಕ್ಕಳಿಗೆ ಆ ಹೆಸರು ಬೇಡವೆಂದ ಪ್ರವಾದಿ(ಸ)ರು ತಮ್ಮ ವಂಶಾವಳಿಯಲ್ಲಿ ಅದನ್ನು ತಿದ್ದಲಿಲ್ಲ, ಮುಚ್ಚಿಡಲೂ ಇಲ್ಲ. ಹೆಸರನ್ನು ಆರಿಸುವುದು ಬೇರೆ, ಹೆಸರು ಹೊತ್ತವರನ್ನು ಗೌರವಿಸುವುದು ಬೇರೆ.

ಪ್ರಾಣಿ-ಪಕ್ಷಿಗಳ ಹೆಸರುಗಳಲ್ಲಿ 'ಗುರಾಬ್', ಅಂದರೆ ಕಾಗೆ ಎಂಬ ಹೆಸರನ್ನು ಪ್ರವಾದಿ(ಸ)ರು ಬದಲಿಸಿದರೆಂದು ಅಬೂ ದಾವೂದ್ ಹೇಳಿದ್ದಾರೆ. ಕಾಗೆ ಕೊಳೆತುದನ್ನು ತಿನ್ನುವ ಪಕ್ಷಿ, ಆ ಪದದ ಮೂಲದಲ್ಲಿ ದೂರವಾಗುವಿಕೆಯ ಅರ್ಥವೂ ಇದೆ ಎಂದು ವ್ಯಾಖ್ಯಾನಕಾರರು ಕಾರಣ ಕೊಡುತ್ತಾರೆ. ಆದರೆ ಸಅಲಬಾ, ಔಸ್, ಝುಐಬ್ ಎಂಬ ಹೆಸರುಗಳು ಸಹಾಬಿಗಳಲ್ಲೂ ಅವರ ಮಕ್ಕಳಲ್ಲೂ ಉಳಿದವು.

ಸುಲೈಮ್ ಗೋತ್ರದ ಒಬ್ಬರ ಪ್ರಸಂಗ ಇಲ್ಲಿ ಉಲ್ಲೇಖಾರ್ಹ. ಅವರು ಒಂದು ವಿಗ್ರಹದ ಪರಿಚಾರಕರಾಗಿದ್ದರು. ಒಂದು ದಿನ ನರಿ ಬಂದು ಆ ವಿಗ್ರಹದ ಮೇಲೆ ಮೂತ್ರ ಮಾಡಿದ್ದನ್ನು ಕಂಡರು. ತನ್ನನ್ನೇ ರಕ್ಷಿಸಿಕೊಳ್ಳಲಾಗದ್ದು ನನ್ನನ್ನು ಹೇಗೆ ರಕ್ಷಿಸೀತು ಎಂಬ ವಿವೇಕ ಮೂಡಿ ಪ್ರವಾದಿ(ಸ)ರ ಬಳಿಗೆ ಬಂದರು. ಅವರ ಹೆಸರು 'ಗಾವಿ', ಅಂದರೆ ದಾರಿತಪ್ಪಿದವನು ಎಂದಿತ್ತು. ಪ್ರವಾದಿ(ಸ)ರು ಅದನ್ನು 'ರಾಶಿದ್', ಅಂದರೆ ಸನ್ಮಾರ್ಗ ಕಂಡವನು ಎಂದು ಬದಲಿಸಿದರೆಂದು ಸೀರಾ ವರದಿಗಳು ಹೇಳುತ್ತವೆ. ಅಲ್ಲಾಹನು ಒಂದು ನರಿಯ ಮೂಲಕವೂ ಮನುಷ್ಯನ ಕಣ್ಣು ತೆರೆಸಬಲ್ಲನು.

ಬಲವಂತವಿರಲಿಲ್ಲ ಎಂಬುದನ್ನೂ ನೆನಪಿಡಬೇಕು. 'ಹಝ್ನ್', ಅಂದರೆ ಒರಟು ನೆಲ ಎಂಬ ಹೆಸರಿನವರಿಗೆ ಪ್ರವಾದಿ(ಸ)ರು 'ಸಹ್ಲ್', ಅಂದರೆ ಸಮತಟ್ಟಾದ ಮೃದು ನೆಲ ಎಂಬ ಹೆಸರನ್ನು ಸೂಚಿಸಿದರು. ತಂದೆ ಇಟ್ಟ ಹೆಸರನ್ನು ಬದಲಿಸುವುದಿಲ್ಲವೆಂದು ಅವರು ನಿರಾಕರಿಸಿದರು. ಅವರ ಮೊಮ್ಮಗ, ಮದೀನಾದ ಮಹಾ ವಿದ್ವಾಂಸ ಸಈದ್ ಬಿನ್ ಅಲ್-ಮುಸಯ್ಯಿಬ್, ಆ ಒರಟುತನ ನಮ್ಮ ಮನೆತನದಲ್ಲಿ ಅಂದಿನಿಂದ ಉಳಿದುಬಿಟ್ಟಿತು ಎಂದು ಮುಂದೆ ಹೇಳಿದ್ದು ಬುಖಾರಿಯಲ್ಲಿದೆ. ಪ್ರವಾದಿ(ಸ)ರ ಸಲಹೆಯನ್ನು ಕೈಬಿಟ್ಟ ವಿಷಾದ ಆ ಮಾತಿನಲ್ಲಿದೆ.

ಸೇವಕರ ಹೆಸರಿನ ಪ್ರಶ್ನೆ

ಆ ಅರಬನ ಉತ್ತರದ ಇನ್ನೊಂದು ಅರ್ಧವನ್ನು, ಅಂದರೆ ಗುಲಾಮರ ಹೆಸರು ನಮಗಾಗಿ ಎಂಬುದನ್ನು, ಪ್ರವಾದಿ(ಸ)ರು ಹಾಗೆಯೇ ಬಿಡಲಿಲ್ಲ. ಸೇವಕರಿಗೆ ಯಸಾರ್ (ಸುಭಿಕ್ಷ), ರಬಾಹ್ (ಲಾಭ), ಅಫ್ಲಹ್ (ಯಶಸ್ವಿ), ನಾಫಿಅ್ (ಉಪಕಾರಿ) ಎಂಬಂತಹ ಹೆಸರುಗಳನ್ನು ಇಡದಂತೆ ಅವರು ಸೂಚಿಸಿದ್ದು ಸಹೀಹ್ ಮುಸ್ಲಿಮ್‌ನಲ್ಲಿದೆ. 'ಲಾಭ' ಮನೆಯಲ್ಲಿದ್ದಾನೆಯೇ ಎಂದು ಒಬ್ಬರು ಕೇಳಿ, ಇಲ್ಲವೆಂದು ಇನ್ನೊಬ್ಬರು ಹೇಳಿದರೆ ಅದರಿಂದ ಅಪಶಕುನದ ಭಾವನೆ ಹುಟ್ಟುತ್ತದೆ ಎಂಬುದು ಹದೀಸ್‌ನಲ್ಲಿಯೇ ಬಂದಿರುವ ಕಾರಣ. ಇದು ಹರಾಮ್ ಎಂಬ ನಿಷೇಧವಲ್ಲ, ಅನಪೇಕ್ಷಿತವೆಂಬ ಸೂಚನೆಯೆಂದು ಇಮಾಮ್ ನವವಿ ವಿವರಿಸಿದ್ದಾರೆ. ಅದರ ಜೊತೆಗೆ, ಸೇವಕರನ್ನು ನನ್ನ ದಾಸ ಎನ್ನಬೇಡಿ, ನನ್ನ ಹುಡುಗ, ನನ್ನ ಹುಡುಗಿ ಎನ್ನಿರಿ ಎಂದೂ ಪ್ರವಾದಿ(ಸ)ರು ಕಲಿಸಿದರು.

ಎರಡನ್ನೂ ಸೇರಿಸಿ ನೋಡಿದರೆ ಚಿತ್ರ ಸ್ಪಷ್ಟವಾಗುತ್ತದೆ. ಮಗನ ಹೆಸರು ಶತ್ರುವಿನ ಎದೆ ನಡುಗಿಸಲಿಕ್ಕಲ್ಲ, ಸೇವಕನ ಹೆಸರು ಒಡೆಯನ ಶಕುನಕ್ಕಲ್ಲ. ಹೆಸರು ಅದನ್ನು ಹೊತ್ತ ಮನುಷ್ಯನ ಹಕ್ಕು. ಅವನಿಗೂ ಅವನ ಸೃಷ್ಟಿಕರ್ತನಿಗೂ ನಡುವಿನ ಸಂಬಂಧವನ್ನು ನೆನಪಿಸುವ ಗುರುತು.

ಕುರ್‌ಆನ್ ಕಂಡ ತೋಳ ಮತ್ತು ನಾಯಿ

ಈ ಪ್ರಾಣಿಗಳ ಬಗ್ಗೆ ನಮ್ಮಲ್ಲಿರುವ ತಿರಸ್ಕಾರವನ್ನೂ ಸ್ವಲ್ಪ ಪರಿಶೀಲಿಸಬೇಕು. ಕುರ್‌ಆನ್‌ನಲ್ಲಿ ತೋಳದ ಪ್ರಸ್ತಾಪ ಸೂರಃ ಯೂಸುಫ್‌ನಲ್ಲಿ ಮೂರು ಬಾರಿ ಬರುತ್ತದೆ (13, 14, 17). ಅವುಗಳಲ್ಲಿ ಕೊನೆಯದು ಮನುಷ್ಯರು ತೋಳದ ಮೇಲೆ ಹೊರಿಸಿದ ಅಪವಾದ. ಯೂಸುಫ್(ಅ)ರನ್ನು ಬಾವಿಗೆ ತಳ್ಳಿದವರು ಅವರ ಅಣ್ಣಂದಿರು. ಆರೋಪ ಹೊತ್ತದ್ದು ಆ ಮೂಕಪ್ರಾಣಿ. ಸೂರಃ ಅಲ್-ಕಹ್‌ಫ್‌ನಲ್ಲಿ ಗುಹಾವಾಸಿ ಯುವಕರೊಂದಿಗೆ ಹೊಸ್ತಿಲಲ್ಲಿ ಮುಂಗಾಲು ಚಾಚಿ ಮಲಗಿದ ನಾಯಿಯನ್ನು ಅವರ ಜೊತೆಯಲ್ಲಿ ಎಣಿಸಲಾಗಿದೆ (18, 22). ಸೂರಃ ಅಲ್-ಅಅ್‌ರಾಫ್‌ನಲ್ಲಿ (176) ಏದುಸಿರು ಬಿಡುವ ನಾಯಿಯ ಉಪಮೆಯಿದೆ. ಅದು ಜ್ಞಾನ ದೊರೆತರೂ ಮೋಹಕ್ಕೆ ಬಿದ್ದ ಮನುಷ್ಯನ ಕುರಿತಾದುದು. ಸೂರಃ ಅಲ್-ಮಾಇದಾದಲ್ಲಿ (4) ತರಬೇತಿ ಪಡೆದ ಬೇಟೆಪ್ರಾಣಿಗಳು ಹಿಡಿದುದನ್ನು ತಿನ್ನಲು ಅನುಮತಿಯಿದೆ. ಅಲ್ಲಿ ತರಬೇತುದಾರರಿಗೆ ಬಳಸಲಾದ 'ಮುಕಲ್ಲಿಬೀನ್' ಎಂಬ ಪದ ಹುಟ್ಟಿದ್ದು 'ಕಲ್ಬ್' ಎಂಬ ಪದದಿಂದಲೇ. ಬೇಟೆನಾಯಿಯ ನಿಯಮಗಳನ್ನು ಪ್ರವಾದಿ(ಸ)ರಲ್ಲಿ ಕೇಳಿ ತಿಳಿದು ಸಮುದಾಯಕ್ಕೆ ತಲುಪಿಸಿದ ಸಹಾಬಿಗಳಲ್ಲಿ ಒಬ್ಬರು ಅಬೂ ಸಅಲಬಾ ಅಲ್-ಖುಶನಿ(ರ). ಅವರ ಕುನಿಯತ್ತಿನಲ್ಲೇ ನರಿಯ ಹೆಸರಿದೆ! ಬಾಯಾರಿದ ನಾಯಿಗೆ ಬಾವಿಯಿಂದ ನೀರು ತಂದು ಕುಡಿಸಿದವನ ಪಾಪಗಳನ್ನು ಅಲ್ಲಾಹನು ಕ್ಷಮಿಸಿದ ಹದೀಸ್ ಎಲ್ಲರಿಗೂ ಪರಿಚಿತ.

ಶುದ್ಧಿಯ ನಿಯಮಗಳು ತಮ್ಮ ಸ್ಥಾನದಲ್ಲಿ ಇದ್ದೇ ಇವೆ; ಅವನ್ನು ಪಾಲಿಸೋಣ. ಆದರೆ ಶುದ್ಧಿಯ ನಿಯಮ ಬೇರೆ, ತಿರಸ್ಕಾರ ಬೇರೆ. ರಮಝಾನಿನಲ್ಲಿ ನಾವು ಕಾಯುವ ಸಹ್ರಿಯ ವೇಳೆಯಲ್ಲೂ ತೋಳದ ಹೆಸರಿದೆ. ನಿಜವಾದ ಫಜ್ರ್‌ಗೆ ಮೊದಲು ಆಕಾಶದಲ್ಲಿ ನೆಟ್ಟಗೆ ಮೇಲೇರಿ ಮಾಯವಾಗುವ ಮಸುಕು ಬೆಳಕನ್ನು ಫಿಕ್ಹ್ ವಿದ್ವಾಂಸರು 'ಝನಬುಸ್ಸಿರ್ಹಾನ್', ಅಂದರೆ ತೋಳದ ಬಾಲ ಎಂದು ಕರೆದಿದ್ದಾರೆ.

ನಂತರದ ಶತಮಾನಗಳಲ್ಲಿ

ಉವೈಸ್ ಅಲ್-ಕರನಿ(ರ)ರು ಯಮನಿನವರು. ಪ್ರವಾದಿ(ಸ)ರ ಕಾಲದಲ್ಲಿಯೇ ಬದುಕಿದ್ದರೂ ಅವರನ್ನು ಕಾಣಲಾಗಲಿಲ್ಲ. ತಾಯಿಯ ಸೇವೆಯಲ್ಲಿ ನಿಷ್ಠರಾದ ಈ ವ್ಯಕ್ತಿಯ ಬಗ್ಗೆ ಪ್ರವಾದಿ(ಸ)ರು ಮೊದಲೇ ತಿಳಿಸಿದ್ದರು. ಅವರನ್ನು ಕಂಡರೆ ಪಾಪಕ್ಷಮೆಗಾಗಿ ಪ್ರಾರ್ಥಿಸಲು ಕೇಳಿಕೊಳ್ಳುವಂತೆ ಉಮರ್(ರ)ರಿಗೆ ಹೇಳಿದ್ದರು. ಯಮನಿನಿಂದ ಪಡೆಗಳು ಬಂದಾಗಲೆಲ್ಲ ಉಮರ್(ರ)ರು ಉವೈಸ್‌ರನ್ನು ವಿಚಾರಿಸುತ್ತಿದ್ದರು. ಕೊನೆಗೆ ಸಿಕ್ಕಾಗ ಕೂಫಾದ ರಾಜ್ಯಪಾಲರಿಗೆ ಪತ್ರ ಬರೆದುಕೊಡಲೇ ಎಂದು ಕೇಳಿದರು. ಸಾಮಾನ್ಯ ಬಡವರ ನಡುವೆ ಇರುವುದೇ ತಮಗೆ ಇಷ್ಟವೆಂದು ಉವೈಸ್ ನಿರಾಕರಿಸಿದರು (ಮುಸ್ಲಿಮ್). 'ಚಿಕ್ಕ ತೋಳ' ಎಂಬ ಹೆಸರಿನ ಈ ಮನುಷ್ಯನಲ್ಲಿ ಯಾವ ಬೇಟೆಯ ಗುಣವೂ ಇರಲಿಲ್ಲ. ಇಂದು ನಮ್ಮ ಜನ ಮಗನಿಗೆ ಉವೈಸ್ ಎಂದು ಹೆಸರಿಡುವಾಗ ನೆನೆಯುವುದು ಅವರನ್ನು, ಕಾಡುಪ್ರಾಣಿಯನ್ನಲ್ಲ.

ಮದೀನಾದ ಇಬ್ನು ಅಬೀ ಝಿಅಬ್ (ನಿಧನ ಹಿ. 159) ಇಮಾಮ್ ಮಾಲಿಕ್‌ರ ಸಮಕಾಲೀನರು. ಪೂರ್ವಜರೊಬ್ಬರ ಕುನಿಯತ್ತಿನಿಂದ ಬಂದ ಅವರ ಹೆಸರಿಗೆ 'ತೋಳದ ತಂದೆಯ ಮಗ' ಎಂಬ ಅರ್ಥ. ಖಲೀಫಾ ಮನ್ಸೂರನ ಎದುರಿನಲ್ಲೂ ಸತ್ಯ ನುಡಿಯಲು ಅಂಜದವರೆಂದು ಅವರು ಪ್ರಸಿದ್ಧರು. ಅವರನ್ನು ಸಈದ್ ಬಿನ್ ಅಲ್-ಮುಸಯ್ಯಿಬ್‌ರಿಗೆ ಹೋಲಿಸಲಾಗುತ್ತಿತ್ತು. ಬಗ್ದಾದಿನಲ್ಲಿ ಕೂಫಾ ಪಂಥದ ವ್ಯಾಕರಣಕ್ಕೆ ಆಧಾರಸ್ತಂಭವಾಗಿದ್ದ ಅಹ್ಮದ್ ಬಿನ್ ಯಹ್ಯಾ (ನಿಧನ ಹಿ. 291) 'ಸಅಲಬ್', ಅಂದರೆ ನರಿ ಎಂದೇ ಖ್ಯಾತರು. ನೈಸಾಬೂರಿನ ಸಾಹಿತಿ ಅಬೂ ಮನ್ಸೂರ್ ಅಸ್ಸಆಲಿಬಿ (ನಿಧನ ಹಿ. 429) ನರಿಯ ತುಪ್ಪಳದ ಉಡುಪು ಹೊಲಿಯುವ ಕಸುಬಿನಿಂದ ಆ ಹೆಸರು ಪಡೆದವರು.

ತುರ್ಕಿ ಭಾಷಿಕ ಮುಸ್ಲಿಮರಲ್ಲಿಯೂ ತೋಳದ ಹೆಸರು ಗೌರವದ್ದಾಗಿತ್ತು. ಅವರ ಭಾಷೆಯಲ್ಲಿ 'ಬೂರಿ' ಎಂದರೆ ತೋಳ. ಕ್ರಿ.ಶ. 1128ರಿಂದ 1132ರವರೆಗೆ ದಮಸ್ಕಸನ್ನು ಆಳಿದ ತಾಜುಲ್ ಮುಲೂಕ್ ಬೂರಿಯ ಹೆಸರಿನಿಂದ ಆ ರಾಜವಂಶವೇ ಬೂರಿ ವಂಶವೆನಿಸಿತು. ಸುಲ್ತಾನ್ ಸಲಾಹುದ್ದೀನ್ ಅಯ್ಯೂಬಿಯವರ ಕಿರಿಯ ಸಹೋದರನ ಹೆಸರೂ ತಾಜುಲ್ ಮುಲೂಕ್ ಬೂರಿ. ಅವರು 1183ರಲ್ಲಿ ಹಲಬ್ ನಗರದ ಮುತ್ತಿಗೆಯಲ್ಲಿ ಗಾಯಗೊಂಡು ನಿಧನರಾದರು.

ನಮ್ಮ ಮನೆಗಳಿಗೆ

ಈ ಇತಿಹಾಸದಿಂದ ನಮಗೆ ದೊರೆಯುವ ಮಾರ್ಗದರ್ಶನವೇನು?

ಮೊದಲನೆಯದಾಗಿ, ಉವೈಸ್, ಔಸ್, ಸಅಲಬಾ ಎಂಬ ಹೆಸರು ಈಗಾಗಲೇ ಇಟ್ಟಿದ್ದರೆ ಅರ್ಥ ಕಂಡು ಗಾಬರಿಯಾಗಬೇಕಿಲ್ಲ, ದಾಖಲೆಗಳನ್ನು ತಿದ್ದಲು ಕಚೇರಿಗಳಿಗೆ ಅಲೆಯಬೇಕಿಲ್ಲ. ಇವು ಸಹಾಬಿಗಳ, ಪುಣ್ಯವಂತರ ಹೆಸರುಗಳು. ಮಗನಿಗೆ ಆ ಹೆಸರಿನ ಹಿಂದಿರುವ ವ್ಯಕ್ತಿಯ ಜೀವನವನ್ನು ಹೇಳಿಕೊಡಿರಿ. ನಿನ್ನ ಹೆಸರಿಗೆ ತೋಳವೆಂದು ಅರ್ಥ ಎಂದು ಯಾರಾದರೂ ಅಣಕಿಸಿ ಅವನು ಅಳುತ್ತಾ ಬಂದರೆ, ತಾಯಿಗಾಗಿ ಎಲ್ಲವನ್ನೂ ಬಿಟ್ಟ ಉವೈಸ್‌ರ ಕಥೆ ಅವನಿಗೆ ಸಾಂತ್ವನವಾಗುತ್ತದೆ.

ಎರಡನೆಯದಾಗಿ, ಹೊಸದಾಗಿ ಹೆಸರಿಡುವಾಗ ಒಳ್ಳೆಯ ಅರ್ಥವುಳ್ಳುದನ್ನೇ ಆರಿಸೋಣ. ಹೀನ ಗುಣಗಳಿಗೆ ಹೆಸರಾದ ಪ್ರಾಣಿಗಳ ಹೆಸರನ್ನು ಮಗುವಿಗೆ ಇಡುವುದು ಅನಪೇಕ್ಷಿತವೆಂದು ನಂತರದ ವಿದ್ವಾಂಸರು ಹೇಳಿದ್ದಾರೆ. ಕಿಲಾಬ್ ಎಂಬುದು ಪ್ರವಾದಿ(ಸ)ರ ಪೂರ್ವಜರ ಹೆಸರೆಂದು ಇಂದು ನಮ್ಮ ಮಗುವಿಗೆ ಕಲ್ಬ್ ಅಥವಾ ಕಿಲಾಬ್ ಎಂದು ಹೆಸರಿಡಬೇಕಿಲ್ಲ. ಆ ಮಗು ಬೆಳೆಯುವ ಊರಿನಲ್ಲಿ ಅದು ಅವನಿಗೆ ಭಾರವಾಗುತ್ತದೆ. ಕೇಳಲು ವಿಶೇಷವಾಗಿದೆ, ಬೇರೆ ಯಾರಿಗೂ ಇಲ್ಲ ಎಂಬ ಒಂದೇ ಕಾರಣಕ್ಕೆ ಅರ್ಥವನ್ನೂ ಚರಿತ್ರೆಯನ್ನೂ ವಿಚಾರಿಸದೆ ಹೆಸರಿಡುವುದು ಕೂಡ, ಆ ಹಳೆಯ ಅರಬನಂತೆ, ಮಗುವಿನ ಹೆಸರನ್ನು ಬೇರೆಯವರಿಗಾಗಿ ಇಟ್ಟಂತೆ. ಅನುಮಾನವಿದ್ದರೆ ಊರಿನ ಉಸ್ತಾದರನ್ನೋ ಅರಬಿ ಬಲ್ಲ ಹಿರಿಯರನ್ನೋ ಕೇಳಿರಿ.

ಮೂರನೆಯದು ಎಲ್ಲಕ್ಕಿಂತ ಮುಖ್ಯವಾದುದು. ಪರಸ್ಪರ ಅಪಹಾಸ್ಯ ಮಾಡಬೇಡಿ, ಕೆಟ್ಟ ಅಡ್ಡಹೆಸರುಗಳಿಂದ ಕರೆಯಬೇಡಿ ಎಂದು ಸೂರಃ ಅಲ್-ಹುಜುರಾತ್ (11) ನಮ್ಮನ್ನು ತಡೆಯುತ್ತದೆ. ಅಬ್ದುಲ್ಲಾ ಎಂಬ ಪ್ರಿಯವಾದ ಹೆಸರಿಟ್ಟ ಮೇಲೆ ಕೋಪ ಬಂದಾಗ ಅದೇ ಮಗನನ್ನು 'ನಾಯಿ' ಎಂದು ಬೈಯುವ ಮನೆಗಳು ನಮ್ಮಲ್ಲಿ ಇಲ್ಲವೇ? ಕಲ್ಬ್ ಗೋತ್ರದ ಝೈದ್(ರ)ರನ್ನು ಪ್ರವಾದಿ(ಸ)ರು ಒಮ್ಮೆಯೂ ಹಾಗೆ ಕರೆದವರಲ್ಲ. ಅವರ ಹತ್ತು ವರ್ಷ ಸೇವೆ ಮಾಡಿದ ಅನಸ್(ರ)ರು ತಮಗೆ ಒಂದು ಗದರಿಕೆಯ ಮಾತನ್ನೂ ಕೇಳಬೇಕಾಗಲಿಲ್ಲ ಎಂದಿದ್ದಾರೆ. ಏಳನೆಯ ದಿನ ಇಡುವ ಹೆಸರು ಒಂದು. ದಿನವೂ ಕರೆಯುವ ಹೆಸರು ಇನ್ನೊಂದು. ಮಗುವಿನ ಮನಸ್ಸಿನಲ್ಲಿ ಉಳಿಯುವುದು ಎರಡನೆಯದು.

ನಮ್ಮ ಮಕ್ಕಳನ್ನು ಒಳ್ಳೆಯ ಹೆಸರಿನಿಂದ ಕರೆಯುವ, ಆ ಹೆಸರಿಗೆ ತಕ್ಕಂತೆ ಬೆಳೆಸುವ ಸೌಭಾಗ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.